ಅಹವಾಲು ಮತ್ತು ತಕರಾರು

(ಆಕಾಶವಾಣಿಯಲ್ಲಿ ಮಾಡಿದ ಭಾಷಣದ ಪಾಠ)

ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಣ ನಾಲ್ಕು ತಾಲ್ಲೂಕುಗಳಾದ ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡಗಳ ಜನ ತಮ್ಮ ನೆಲದ ಅಭಿವೃದ್ಧಿಯನ್ನು ಕುರಿತು ಏನೆನ್ನುತ್ತಾರೆಂಬುದು ಇಂದು ನನಗೆ ಒಪ್ಪಿಸಿರುವ ವಿಷಯ. ಆರ್ಥಿಕ ಶಾಸ್ತ್ರ ನನ್ನದಲ್ಲ. ಬಾಳಿನುದ್ದಕ್ಕೂ ಕನ್ನಡ ಪಾಠ ಹೇಳಿಕೊಂಡು ಬಂದವನು ನಾನು. ಆದುದರಿಂದ ಮಾತಿನ ಕಡೆಯಿಂದಲೇ ವಿಷಯವನ್ನು ಪ್ರವೇಶಿಸುತ್ತೇನೆ.

ಈ ಸೀಮೆಯ ಕಚೇರಿಗಳಲ್ಲಿ ದಿನಬೆಳಗಾದರೆ ಕೇಳುವ ಎರಡು ಶಬ್ದಗಳುಂಟು: ಅಹವಾಲು, ತಕರಾರು. ಎರಡೂ ಅರಬ್ಬೀ ಮೂಲದವು. ಪಾರಸಿ, ಮರಾಠಿಗಳ ಹಾದಿಯಲ್ಲಿ ಬಂದು ಕನ್ನಡದಲ್ಲಿ ಬೇರೂರಿದವು. ‘ಅಹವಾಲು’ ಎಂಬುದು ‘ಹಾಲ್’ ಎಂಬುದರ ಬಹುವಚನ. ಹಾಲ್ ಎಂದರೆ ಸ್ಥಿತಿ. ಮನುಷ್ಯನು ಇರುವ ಬಗೆ. ಅಹವಾಲು ಹೇಳಿಕೊಳ್ಳುವುದೆಂದರೆ, ಮೂಲಾರ್ಥದಲ್ಲಿ, ನಾವು ಹೇಗಿದ್ದೇವೆಂಬುದನ್ನು ಹೇಳುವುದು, ಅಷ್ಟೇ. ‘ತಕರಾರು’ ಎಂಬುದಕ್ಕೆ ಮೂಲದಲ್ಲಿರುವ ಅರ್ಥ ಪುನರುಕ್ತಿ. ಹೇಳಿದ್ದನ್ನೇ ಮತ್ತೆ ಹೇಳುವುದು. ಒಮ್ಮೆ ಹೇಳಿದಾಗ ಅಹವಾಲಾಗಿದ್ದ ಮಾತು ಹತ್ತನೆಯ ಸಲಕ್ಕೆ ತಕರಾರಾಗುತ್ತದೆ. ಈ ನಾಲ್ಕು ತಾಲ್ಲೂಕುಗಳ ಇತಿಹಾಸವನ್ನು ಈ ಎರಡು ಶಬ್ದಗಳ ನಡುವಿನ ದಾರಿಯಾಗಿ ನೋಡಬಹುದೆಂದು ನನಗೆ ತೋರುತ್ತದೆ.

ಹೊರಗಿನಿಂದ ಬಂದವರು ಇಲ್ಲಿಯ ಜನರ ಮುಂದಿಡುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: ನಿಮಗೆ ಅಭಿವೃದ್ಧಿ ಬೇಕೋ ಬೇಡವೋ? ಕಾಡು ಬೇಕೋ, ರಸ್ತೆ ಬೇಕೋ? ಇಂಥ ಪ್ರಶ್ನೆಗೆ ಹೌದು ಅಥವಾ ಅಲ್ಲ ಎಂದಷ್ಟೇ ಉತ್ತರಿಸಲು ಸಾಧ್ಯ. ಆದರೆ ಜನ ಹೇಳಬಯಸುವುದು ಹೌದನ್ನೂ ಅಲ್ಲ, ಅಲ್ಲವನ್ನೂ ಅಲ್ಲ. ಅವರು ತಮ್ಮ ಸ್ಥಿತಿಯನ್ನು ಹೇಳುತ್ತಾರೆ. ಆ ಸ್ಥಿತಿಯಲ್ಲಿ ಅನುಭವದಿಂದ ಬಂದ ತಿಳಿವಳಿಕೆ ಅಡಗಿರುತ್ತದೆ. ಕೇಳುವವರು ಅದನ್ನು ಒಂದು ಪಕ್ಷಕ್ಕೆ ಸೇರಿಸಿ ಎಣಿಸಿಕೊಂಡು ಹೋಗುತ್ತಾರೆ.

ದಾಂಡೇಲಿಯ ಬಿದಿರಿನ ಸಂಗತಿಯನ್ನು ಇದಕ್ಕೆ ನಿದರ್ಶನವಾಗಿ ಹೇಳುತ್ತೇನೆ. ಕಾಳಿ ನದಿಯ ದಂಡೆಯ ಮೇಲೆ 1950ರ ದಶಕದಲ್ಲಿ ವೆಸ್ಟ್ ಕೋಸ್ಟ್ ಕಾಗದದ ಕಾರ್ಖಾನೆ ತಲೆಯೆತ್ತಿತು. ಸುತ್ತಣ ಕಾಡಿನ ಬಿದಿರು ಅದರ ಆಹಾರ. ಸರ್ಕಾರವು ಕಾರ್ಖಾನೆಗಳಿಗೆ ಆ ಬಿದಿರನ್ನು ಪೇಟೆಯ ಧಾರಣೆಗೆ ಹೋಲಿಸಿದರೆ ಹೆಸರಿಗೆ ಮಾತ್ರವೆನ್ನಬಹುದಾದ ಬೆಲೆಗೆ ಕೊಡುತ್ತಿದ್ದಿತು. ಬುಟ್ಟಿ, ಮೊರ ಹೆಣೆಯುವ ಮೇದಾರರಿಗೆ ಮಾತ್ರ ಬಿದಿರು ದುರ್ಲಭವಾಗುತ್ತ ನಡೆಯಿತು. 1970ರ ದಶಕದ ನಡುವಿನಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಾಧವ ಗಾಡ್ಗೀಳರು ಈ ಬಿದಿರಿನ ಸ್ಥಿತಿಗತಿಯನ್ನು ಪರಿಶೀಲಿಸಲು ಈ ಜಿಲ್ಲೆಯ ಕಾಡುಗಳಿಗೆ ಬಂದರು.

ಬಿದಿರ ಮೆಳೆಯ ಬುಡದಲ್ಲಿ ಮುಳ್ಳುಕೊಂಬೆಗಳು ಒಂದಕ್ಕೊಂದು ಹೆಣೆದುಕೊಂಡು ಬೇಲಿಯಂತೆ ನಿಂತಿರುತ್ತವೆ. ಆ ಮುಳ್ಳನ್ನು ಸವರಿ ಬುಡವನ್ನು ಹಸನು ಮಾಡಿದರೆ ಮೆಳೆ ಚೆನ್ನಾಗಿ ಬೆಳೆಯುತ್ತದೆಂಬುದು ಅಂದಿನ ಅರಣ್ಯ ಇಲಾಖೆಯ ನಂಬಿಕೆ, ಅದರಂತೆಯೇ ಕ್ರಮ. ಹಳ್ಳಿಗರ ಮಾತು ಬೇರೆಯಾಗಿತ್ತು. ಮುಳ್ಳು ಸವರಿದರೆ ಎಳೆಯ ಮೊಳಕೆಗೆ ಕಾವಲು ತಪ್ಪುತ್ತದೆ. ಕಳಲೆ ಮೇಲೆದ್ದ ಕೂಡಲೆ ದನವೋ ಕಾಡುಪ್ರಾಣಿಯೋ ಬಂದು ಮೇಯುತ್ತದೆ. ಮೆಳೆ ಮುಂದಕ್ಕೆ ಬರುವುದಿಲ್ಲ ಎಂದು ಅವರು ಹೇಳಿದರು. ಗಾಡ್ಗೀಳರೂ ಅವರ ಸಂಗಡಿಗರೂ ಆ ಮಾತನ್ನು ಪರೀಕ್ಷಿಸಿ ನೋಡಿದರು. ಮುಳ್ಳು ಸವರಿದ ಮೆಳೆಗಳನ್ನೂ ಸವರದ ಮೆಳೆಗಳನ್ನೂ ಹೋಲಿಸಿದಾಗ ಹಳ್ಳಿಗರ ಮಾತೇ ನಿಜವೆಂದು ಕಂಡುಬಂದಿತು.

ಈ ಪ್ರಸಂಗದಲ್ಲಿ ನನ್ನ ಮನಸ್ಸನ್ನು ಹಿಡಿದದ್ದು ಹಳ್ಳಿಗರು ಗೆದ್ದರೆಂಬುದಲ್ಲ. ಬಿದಿರಿನ ನಾಶಕ್ಕೆ ಹಳ್ಳಿಗರ ದನವೇ ಕಾರಣವೆಂದು ಆಗ ಹೇಳಲಾಗುತ್ತಿತ್ತು. ಹಳ್ಳಿಗರಾದರೋ ದನ ಮೇಯುವುದನ್ನು ಅಲ್ಲಗಳೆಯಲಿಲ್ಲ. ದನ ಮೇಯುತ್ತದೆ, ಮುಳ್ಳಿದ್ದರೆ ಮೇಯಲಾರದು ಎಂದರು. ತಮ್ಮ ಪಕ್ಷಕ್ಕೆ ಕುಂದು ತರಬಹುದಾದ ಅಂಶವನ್ನೂ ಒಳಗೊಂಡ ಮಾತು ಅದು. ಅಹವಾಲಿನ ಲಕ್ಷಣವೇ ಇದು. ಕೇಳುವವನಿಗೆ ತಾಳ್ಮೆಯಿದ್ದಲ್ಲಿ ಅದು ಶಾಸ್ತ್ರವಾಗುತ್ತದೆ. ಇಲ್ಲವಾದರೆ ಕಡತದಲ್ಲಿ ‘ಗ್ರಾಮಸ್ಥರ ತಕರಾರು’ ಎಂಬ ಎರಡೇ ಪದವಾಗಿ ಉಳಿಯುತ್ತದೆ. ಕಾಗದದ ಕಾರ್ಖಾನೆ ಇಂದು ಬಿದಿರನ್ನು ಬಿಟ್ಟು ನೀಲಗಿರಿ, ಸುಬಾಬುಲ್ ಮೊದಲಾದ ನೆಟ್ಟು ಬೆಳೆಸಿದ ಮರಗಳ ಕಡೆಗೆ ತಿರುಗಿದೆ. ಅದು ಬೇರೆಯೇ ಒಂದು ಕಥೆ.

ಇನ್ನು ನೀರಿನ ಮಾತು. ಜೋಯಿಡಾ ತಾಲ್ಲೂಕಿನ ಡಿಗ್ಗಿಯಲ್ಲಿ ಹುಟ್ಟುವ ಕಾಳಿ ನದಿ ಸುಮಾರು 184 ಕಿಲೋಮೀಟರು ಹರಿದು ಕಾರವಾರದ ಬಳಿ ಕಡಲನ್ನು ಸೇರುತ್ತದೆ. ಈ ತಾಲ್ಲೂಕಿಗೆ ಹಿಂದೆ ಸೂಪಾ ತಾಲ್ಲೂಕೆಂದೇ ಹೆಸರು. ಸೂಪಾ ಎಂಬ ಊರು ಕಾಳಿಯೂ ಪಾಂಢರಿಯೂ ಕೂಡುವ ಸ್ಥಳದಲ್ಲಿದ್ದಿತು. ಇದ್ದಿತು ಎನ್ನುತ್ತೇನೆ, ಏಕೆಂದರೆ 101 ಮೀಟರು ಎತ್ತರದ ಸೂಪಾ ಅಣೆಕಟ್ಟು 1980ರ ದಶಕದಲ್ಲಿ ಮುಗಿದು, ಊರು ಹಿನ್ನೀರಿನಲ್ಲಿ ಅಡಗಿತು. ಹೆಸರನ್ನು ಅಣೆಕಟ್ಟು ಇಟ್ಟುಕೊಂಡಿತು. ತಾಲ್ಲೂಕಿನ ಕಚೇರಿ ಜೋಯಿಡಾಕ್ಕೆ ಹೋಯಿತು. ಜನರಲ್ಲಿ ಬಹುಮಂದಿ ರಾಮನಗರಕ್ಕೆ ಹೋದರು.

ಕಾಳಿ ಯೋಜನೆಯಿಂದ ನಾಡಿಗಾದ ಉಪಕಾರ ಸಣ್ಣದಲ್ಲ. ಅಂಬಿಕಾನಗರದ ಬಳಿಯ ನಾಗಝರಿ ವಿದ್ಯುದಾಗಾರವೊಂದೇ ಸುಮಾರು 900 ಮೆಗಾವಾಟು ಶಕ್ತಿಯನ್ನು ಉತ್ಪಾದಿಸಬಲ್ಲುದು. ನಗರಗಳಲ್ಲಿ ದೀಪದ ಕೆಳಗೆ ಕುಳಿತು ಓದಿದ ನಾವೆಲ್ಲರೂ ಆ ನೀರಿನ ಋಣಿಗಳೇ. ಆದರೆ ಜೋಯಿಡಾದ ಒಳಕಾಡಿನ ಹಲವು ಹಳ್ಳಿಗಳಿಗೆ ವಿದ್ಯುತ್ತಿನ ತಂತಿ ಬಹುಕಾಲ ಬರಲಿಲ್ಲ. ಊರನ್ನೇ ನೀರಿಗೆ ಕೊಟ್ಟು ರಾಮನಗರದಲ್ಲಿ ನೆಲೆಸಿದವರು ಕುಡಿಯುವ ನೀರಿಗಾಗಿ ವರ್ಷಗಟ್ಟಲೆ ಅರ್ಜಿ ಕೊಡಬೇಕಾಯಿತು.

ರಾಮನಗರದ ಹಿರಿಯರೊಬ್ಬರೊಡನೆ ನಾನು ಈ ವಿಷಯವಾಗಿ ಮಾತನಾಡಿದ್ದುಂಟು. ಮನೆಮಾತು ಕೊಂಕಣಿ, ನನ್ನ ಸಲುವಾಗಿ ಕನ್ನಡಕ್ಕೆ ಬಂದರು. ಅಣೆಕಟ್ಟು ಕಟ್ಟಬಾರದಿತ್ತೆನ್ನುತ್ತೀರಾ ಎಂದು ಕೇಳಿದೆ. “ಹಾಗೆ ಯಾಕೆ ಅನ್ನಲಿ ಸರ್? ದೇಶಕ್ಕೆ ಬೇಕಾಗಿತ್ತು, ಕಟ್ಟಿದರು. ನಮ್ಮನ್ನು ಎಬ್ಬಿಸುವಾಗ ಎಲ್ಲಿ ಕೂರಿಸುತ್ತೀರಿ ಅಂತ ಕೇಳಿದೆವು. ಅಲ್ಲಿ ಬಾವಿ ಇದೆಯೋ ಅಂತ ಕೇಳಿದೆವು. ಆ ಕೇಳಿದ್ದಕ್ಕೆ ನಮ್ಮನ್ನು ವಿರೋಧಿಗಳು ಅಂದರು” ಎಂದರು. ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಬಾವಿಯಿದೆಯೋ ಎಂದು ಕೇಳುವುದು ಅಣೆಕಟ್ಟನ್ನು ವಿರೋಧಿಸಿದಂತಾಗುವುದು ಯಾವ ತರ್ಕದಿಂದಲೋ ನಾನರಿಯೆ.

ನೀರನ್ನು ಕುರಿತು ಈ ನಾಲ್ಕು ತಾಲ್ಲೂಕುಗಳಿಗೆ ಒಮ್ಮತವಿದೆಯೆಂದು ಭಾವಿಸಬೇಕಾಗಿಲ್ಲ. ಹಳಿಯಾಳದ ರೈತ ಕಾಳಿಯ ನೀರು ತನ್ನ ಕೆರೆಗೆ ಬರಲೆಂದು ವರ್ಷಗಳ ಕಾಲ ಹೋರಾಡಿದವನು. ನದಿ ತನ್ನ ಸೀಮೆಯ ಮಗ್ಗುಲಲ್ಲೇ ಹರಿದರೂ ಅವನ ಭತ್ತ, ಹತ್ತಿ, ಕಬ್ಬುಗಳು ಮುಗಿಲನ್ನು ನೋಡುತ್ತಿದ್ದವು. ಅದೇ ನೀರನ್ನು ಅಳ್ನಾವರಕ್ಕೆ ಕುಡಿಯಲು ಒಯ್ಯುವ ಯೋಜನೆ ಬಂದಾಗ ದಾಂಡೇಲಿಯಲ್ಲಿ ಪ್ರತಿಭಟನೆಯಾಯಿತು. ಬಾಯಾರಿದವರಿಗೆ ನೀರು ಕೊಡಬಾರದೆಂಬುದೇ ಎಂದು ದೂರದವರು ಹಂಗಿಸಬಹುದು. ಆದರೆ ಮೊದಲು ಕುಡಿಯಲು ಎಂದು ಹೋಗುವ ಕೊಳವೆ ಮುಂದೆ ಯಾವುದಕ್ಕೆಂದು ಹೋದೀತೆಂಬ ಅಂಜಿಕೆ ಅನುಭವದಿಂದ ಬಂದದ್ದು. ಹಿಂದೆ ತಮ್ಮನ್ನು ಕೇಳದೆ ಆದ ಕೆಲಸಗಳ ಲೆಕ್ಕ ಅವರ ಬಳಿಯಲ್ಲಿದೆ. ಅಳ್ನಾವರದವರ ಬಾಯಾರಿಕೆಯೂ ಸುಳ್ಳಲ್ಲ. ಇಬ್ಬರನ್ನೂ ಒಂದೆಡೆ ಕುಳ್ಳಿರಿಸಿ ನದಿಯಲ್ಲಿರುವ ನೀರಿನ ಲೆಕ್ಕವನ್ನು ಅವರ ಮುಂದಿಟ್ಟಿದ್ದರೆ ಜಗಳ ಅರ್ಧಕ್ಕರ್ಧ ಇಳಿಯುತ್ತಿತ್ತೆಂದು ನನ್ನ ಎಣಿಕೆ.

ಸಾಗಾಟದ ದೃಷ್ಟಿಯಿಂದ ಈ ಸೀಮೆಯನ್ನು ನೋಡುವ ರೂಢಿ ಹಳೆಯದು. 1862ರಲ್ಲಿ ಉತ್ತರ ಕನ್ನಡವನ್ನು ಮದರಾಸಿನಿಂದ ತೆಗೆದು ಮುಂಬಯಿ ಪ್ರಾಂತಕ್ಕೆ ಸೇರಿಸಿದರು. ಧಾರವಾಡ ಸೀಮೆಯ ಹತ್ತಿಯನ್ನು ಕಾರವಾರದ ಬಂದರಿಗೆ ಇಳಿಸುವ ಆಸೆ ಅದರ ಹಿಂದಿದ್ದಿತು. ಅಳ್ನಾವರದಿಂದ ದಾಂಡೇಲಿಗೆ ಬಂದ ರೈಲುಹಾದಿ ಮರದ ದಿಮ್ಮಿಗಳಿಗಾಗಿ ಹಾಕಿದ್ದು. ಹತ್ತಿ, ದಿಮ್ಮಿ, ಬಿದಿರು, ವಿದ್ಯುತ್ತು, ಈಗ ನೀರು, ಎಲ್ಲವೂ ಇಲ್ಲಿಂದ ಹಾದುಹೋದವು. ಇಲ್ಲಿಯ ಮನುಷ್ಯರು ಹೋಗಿಬರುವ ಮಾತು ಬಂದಾಗ ಮಾತ್ರ ಹಾದಿ ಕಠಿಣವಾಗುತ್ತದೆ. ಆ ರೈಲುಹಾದಿಯಲ್ಲಿ ಬಹುಕಾಲ ನಿಂತುಹೋಗಿದ್ದ ಪ್ರಯಾಣಿಕರ ಗಾಡಿ 2019ರ ನವೆಂಬರಿನಲ್ಲಿ ಅಂಬೇವಾಡಿಯವರೆಗೆ ಮತ್ತೆ ಬಂದಿತು. ಮರುವರ್ಷ ಕೊರೋನಾ ಬಂದು ಅದೂ ನಿಂತಿತು.

ಜಿಲ್ಲೆಯ ಮುಖ್ಯಸ್ಥಳ ಕಾರವಾರ. ಹಳಿಯಾಳದಿಂದ ಧಾರವಾಡ ಒಂದು ತಾಸಿನ ದಾರಿ. ಮುಂಡಗೋಡದಿಂದ ಹುಬ್ಬಳ್ಳಿಯೂ ಹೆಚ್ಚುಕಡಿಮೆ ಅಷ್ಟೇ. ಕಾರವಾರಕ್ಕಾದರೋ ಘಟ್ಟ ಇಳಿಯಬೇಕು. ಒಂದು ಕಾಗದಕ್ಕೆ ಸಹಿ ಬೇಕಾದರೆ ಒಂದು ದಿನ ಹೋಯಿತು. ಶಿರಸಿಯನ್ನು ಕೇಂದ್ರವಾಗಿಟ್ಟು ಘಟ್ಟದ ಮೇಲಕ್ಕೆ ಬೇರೆ ಜಿಲ್ಲೆಯಾಗಲಿ ಎಂಬ ಬೇಡಿಕೆ ಹಳೆಯದು. ಆದರೆ ಹಳಿಯಾಳ, ದಾಂಡೇಲಿಯ ಮಂದಿಗೆ ಶಿರಸಿಯೂ ತಮ್ಮ ಊರೆನಿಸದು; ಅವರ ಪೇಟೆ, ಕಾಲೇಜು, ಆಸ್ಪತ್ರೆ ಎಲ್ಲವೂ ಧಾರವಾಡ–ಹುಬ್ಬಳ್ಳಿ. ಜೋಯಿಡಾದ ಪಶ್ಚಿಮದ ಹಳ್ಳಿಯವರು ಕಷ್ಟಕಾಲದಲ್ಲಿ ಗೋವೆಗೆ ಹೋಗುವುದೂ ಉಂಟು. ದಾಂಡೇಲಿ ತಾನೇ ತಾಲ್ಲೂಕಾಗಲು 2018ರವರೆಗೆ ಕಾಯಬೇಕಾಯಿತು. ಹಿಂದೆ ಇದ್ದ ಪ್ಲೈವುಡ್ ಕಾರ್ಖಾನೆ, ಫೆರೋ ಮಿಶ್ರಲೋಹದ ಕಾರ್ಖಾನೆಗಳು ಮುಚ್ಚಿದ ಮೇಲೆ ಆ ಊರಿನ ಎಳೆಯರು ರಾಫ್ಟಿನ ಹುಟ್ಟು ಹಿಡಿದರು, ರೆಸಾರ್ಟುಗಳಲ್ಲಿ ಕೆಲಸಕ್ಕೆ ನಿಂತರು. ಪ್ರವಾಸಿಗರು ಹೆಚ್ಚಾಗಿ ನದಿ ಕೆಡುತ್ತದೆಂದು ಗೊಣಗುವವರೂ ಅದರಿಂದಲೇ ಉಣ್ಣುವವರೂ ಅನೇಕ ವೇಳೆ ಒಬ್ಬರೇ. ಇದರಲ್ಲಿ ಕಪಟವೇನೂ ಇಲ್ಲ. ಕಾಗದದ ಕಾರ್ಖಾನೆಯ ಕಾಲದಲ್ಲಿಯೂ ನದಿಯ ನೀರಿನ ಬಗೆಗೆ ದೂರುವವನ ಮನೆಯಲ್ಲಿಯೇ ಅಲ್ಲಿ ದುಡಿಯುವ ತಮ್ಮನೊಬ್ಬ ಇರುತ್ತಿದ್ದ.

ಹಳಿಯಾಳದ ಕಬ್ಬಿನ ಮಾತು ಎಲ್ಲ ಕಡೆಯ ಕಬ್ಬಿನ ಮಾತೇ. ಕಟಾವು ಮತ್ತು ಸಾಗಾಣಿಕೆಯ ವೆಚ್ಚವನ್ನು ಬೆಲೆಯಲ್ಲಿ ಎಷ್ಟು ಮುರಿದುಕೊಳ್ಳಬೇಕೆಂಬುದರ ಮೇಲೆ 2022ರಲ್ಲಿ ರೈತರು ಬೀದಿಗಿಳಿದು ಕುಳಿತಿದ್ದರು. ಅದನ್ನಿಲ್ಲಿ ವಿಸ್ತರಿಸುವುದಿಲ್ಲ.

ನಾಲ್ಕೂ ತಾಲ್ಲೂಕುಗಳಿಗೆ ಸಮಾನವಾದ ಪ್ರಶ್ನೆ ನೆಲದ್ದು. ಈ ಜಿಲ್ಲೆಯ ನೂರಕ್ಕೆ ಎಂಬತ್ತರಷ್ಟು ಭೂಮಿ ಅರಣ್ಯವೆಂದು ದಾಖಲಾಗಿರುವುದರಿಂದ, ಹತ್ತು ಗುಂಟೆ ಉತ್ತು ಬದುಕುವವನೂ ಕಾಗದದಲ್ಲಿ ‘ಅತಿಕ್ರಮಣದಾರ’. ಶಬ್ದದ ಗಾತ್ರ ನೋಡಿ. ಅವನ ಗುಡಿಸಲಿಗಿಂತ ದೊಡ್ಡದು. 1978ರ ಏಪ್ರಿಲ್ 27ಕ್ಕೆ ಮೊದಲು ಉತ್ತವನಿಗೆ ಒಂದು ನ್ಯಾಯ, ಅನಂತರ ಉತ್ತವನಿಗೆ ಮತ್ತೊಂದು. ಆ ತಾರೀಖು ಇಲ್ಲಿಯ ಕೆಲವು ಮುದುಕರಿಗೆ ಮಕ್ಕಳ ಹುಟ್ಟಿದ ದಿನಕ್ಕಿಂತ ಚೆನ್ನಾಗಿ ನೆನಪಿದೆ. ಮುಂಡಗೋಡದಲ್ಲಿ ಇದಕ್ಕೊಂದು ವಿಶೇಷವಾದ ಮುಖವುಂಟು. 1966ರಲ್ಲಿ ಅಲ್ಲಿ ಟಿಬೇಟಿನ ನಿರಾಶ್ರಿತರಿಗೆ ಸುಮಾರು 4000 ಎಕರೆ ನೆಲ ಕೊಟ್ಟು ನೆಲೆ ಮಾಡಿಸಿದರು. ಡ್ರೆಪುಂಗ್, ಗಾಂಡೆನ್ ಎಂಬ ಲ್ಹಾಸಾದ ಮಹಾವಿಹಾರಗಳು ಅಲ್ಲಿ ಮತ್ತೆ ಎದ್ದುನಿಂತವು. ಕಾಡನ್ನು ಕಡಿದು ಮುಸುಕಿನ ಜೋಳ ಬೆಳೆದ ಅವರ ಕಷ್ಟವನ್ನು ಅಲ್ಲಿಯ ಜನ ಕಂಡಿದ್ದಾರೆ. ಅವರ ಹೊಲಗಳಲ್ಲಿ ದುಡಿದಿದ್ದಾರೆ, ಅವರೊಡನೆ ವ್ಯಾಪಾರ ಮಾಡಿದ್ದಾರೆ. ಬಂದವರಿಗೆ ಕೊಟ್ಟದ್ದು ತಪ್ಪೆಂದು ಹೇಳುವವರು ವಿರಳ. ಅತಿಥಿಗೆ ಎಲೆ ಹಾಕಿದಿರಿ, ಒಳ್ಳೆಯದು. ಮನೆಯವರಿಗೆ ಯಾವಾಗ ಎಂಬಷ್ಟೇ ಅವರ ಮಾತು. ಎಮ್ಮೆ ಸಾಕಿ ಕಾಡಂಚಿನಲ್ಲಿ ಬಾಳುವ ಧನಗರ ಗೌಳಿಗಳು ಈ ಮಾತನ್ನು ಆಡಿದಾಗ ಉತ್ತರಿಸುವುದು ಸುಲಭವಲ್ಲ.

2006ರ ಅರಣ್ಯ ಹಕ್ಕು ಕಾಯಿದೆ ಈ ಗಂಟನ್ನು ಬಿಡಿಸಲೆಂದು ಬಂದಿತು. ಅದರ ಪ್ರಕಾರ ಪರಿಶಿಷ್ಟ ಪಂಗಡದವರು 2005ರ ಡಿಸೆಂಬರ್ 13ಕ್ಕೆ ಮೊದಲೇ ಆ ನೆಲದಲ್ಲಿದ್ದರೆಂದು ತೋರಿಸಿದರೆ ಸಾಕು. ಉಳಿದವರು ಮೂರು ತಲೆಮಾರು, ಎಂದರೆ 75 ವರ್ಷಗಳ ವಾಸವನ್ನು ತೋರಿಸಬೇಕು. ಇದರ ಫಲ ಜೋಯಿಡಾದ ಕಾಡಿನಲ್ಲಿ ಹೇಗಾಯಿತೆಂಬುದನ್ನು ನೋಡಿ. ಆಫ್ರಿಕಾದಿಂದ ಪೋರ್ಚುಗೀಸರ ಕಾಲದಲ್ಲಿ ಬಂದವರ ಸಂತತಿಯಾದ ಸಿದ್ದಿಯರು 2003ರಲ್ಲಿ ಪರಿಶಿಷ್ಟ ಪಂಗಡವಾದರು; ಅದು ಸರಿಯಾದ ಕಾರ್ಯ. ಅದೇ ವರ್ಷ ಗಡಿಯಾಚೆ ಗೋವೆಯಲ್ಲಿ ಕುಣಬಿಯರೂ ಪರಿಶಿಷ್ಟ ಪಂಗಡವಾದರು. ಗಡಿಯ ಈಚೆ ಜೋಯಿಡಾದಲ್ಲಿರುವ ಕುಣಬಿಯರು ಆಗಲಿಲ್ಲ. ಒಂದೇ ಮಾತು, ಒಂದೇ ನಡಾವಳಿ. ನಡುವೆ ರಾಜ್ಯದ ಗಡಿಯ ಕಲ್ಲು. ಕುಮರಿ ಬೇಸಾಯ ಮಾಡಿ ಕಾಡಿನಲ್ಲೇ ತಲೆಮಾರುಗಳನ್ನು ಕಳೆದ ಕುಣಬಿ ಮುದುಕ ತನ್ನ ಅಜ್ಜ ಇಲ್ಲಿದ್ದನೆಂಬುದಕ್ಕೆ ಕಾಗದ ತರಬೇಕು. ಬರೆಯಲು ಬಾರದ ಅಜ್ಜ ಕಾಗದವನ್ನು ಎಲ್ಲಿಂದ ಬಿಟ್ಟುಹೋದಾನು?

ಆದರೆ ಆ ಕಾಯಿದೆಯ ನಿಯಮಗಳಲ್ಲಿ ಒಂದು ಸಾಲಿದೆ. ಅದನ್ನು ಓದಿದಾಗ ನನಗೆ ಆಶ್ಚರ್ಯವೂ ಸಂತೋಷವೂ ಆದವು. ಊರಿನ ಹಿರಿಯರು, ಅರ್ಜಿದಾರನಲ್ಲದ ಹಿರಿಯರು, ಹೇಳಿದ ಮಾತನ್ನು ಬರೆದುಕೊಂಡರೆ ಅದೂ ಸಾಕ್ಷ್ಯವೇ ಎಂದು ಅದು ಹೇಳುತ್ತದೆ. ಬಾಯಿಮಾತಿಗೆ ಕಾನೂನು ಕೊಟ್ಟ ಮನ್ನಣೆ ಇದು. ಇಷ್ಟಾದರೂ ಈ ಜಿಲ್ಲೆಯಲ್ಲಿ ಕಾಗದದ ದಾಖಲೆಯಿಲ್ಲವೆಂಬ ಕಾರಣಕ್ಕೆ ತಿರಸ್ಕೃತವಾದ ಅರ್ಜಿಗಳು ಬಹಳ. ಮಾತನ್ನು ಬರೆದುಕೊಳ್ಳುವವನೇ ಬಾರದಿದ್ದಲ್ಲಿ ಸಾಲಿದ್ದು ಏನು ಪ್ರಯೋಜನ?

ಇಲ್ಲಿ ಭಾಷೆಯ ಪ್ರಶ್ನೆ ಏಳುತ್ತದೆ. ಕನ್ನಡದ ಮೇಷ್ಟ್ರಾಗಿ ಇದನ್ನು ನಾನು ಹೇಳದೆ ಹೋಗಲಾರೆ. ಕುಣಬಿಯರದು ಒಂದು ಬಗೆಯ ಕೊಂಕಣಿ. ಸಿದ್ದಿಯರದು ಮತ್ತೊಂದು. ಗೌಳಿಗಳದು ಮರಾಠಿಯ ಒಂದು ಕವಲು. ಹಳಿಯಾಳದ ಬಹುಮಂದಿ ಮನೆಯಲ್ಲಿ ಮರಾಠಿ ಆಡುತ್ತಾರೆ. ದಾಂಡೇಲಿಯಂಥ ಕಾರ್ಮಿಕರ ಊರಿನಲ್ಲಿ ಒಂದು ಸಾಲಿನ ಮನೆಗಳಲ್ಲಿ ನಾಲ್ಕು ಭಾಷೆಗಳು ಕೇಳಬರುತ್ತವೆ. ಸಭೆಯ ನಡಾವಳಿ ಮಾತ್ರ ಕನ್ನಡದಲ್ಲಿ ಬರೆಯಲ್ಪಡುತ್ತದೆ, ಅದು ನ್ಯಾಯವೇ. ಆದರೆ ಮುದುಕಿಯೊಬ್ಬಳು ತನ್ನ ಕೊಂಕಣಿಯಲ್ಲಿ ಹತ್ತು ನಿಮಿಷ ಹೇಳಿದ್ದು, ಯಾವ ಹಳ್ಳದ ಮಗ್ಗುಲಲ್ಲಿ ಯಾವ ಗೆಡ್ಡೆ ಊರುತ್ತಿದ್ದೆವು, ಯಾವ ಮರದ ಬುಡದಲ್ಲಿ ದೇವರಿದ್ದಾನೆ, ಯಾವ ವರ್ಷ ಗಾರ್ಡು ಬಂದು ಗುಡಿಸಲಿಗೆ ಬೆಂಕಿಯಿಟ್ಟ ಎಂದೆಲ್ಲ ಹೇಳಿದ್ದು, ಪುಸ್ತಕದಲ್ಲಿ ‘ಸದರಿಯವರು ತಮ್ಮ ಬೇಡಿಕೆಯನ್ನು ಮಂಡಿಸಿದರು’ ಎಂದಾಗುವುದನ್ನು ನಾನು ಕಂಡಿದ್ದೇನೆ. ಅವಳು ಹೇಳಿದ್ದು ಬೇಡಿಕೆಯಲ್ಲ, ಸಾಕ್ಷ್ಯ. ಕನ್ನಡವು ಇಲ್ಲಿ ಆಳುವ ಭಾಷೆಯಾದ ಮಾತ್ರಕ್ಕೆ ಕೇಳುವ ಭಾಷೆಯೂ ಆಗಿದೆಯೆಂದು ನಾವು ತೃಪ್ತಿಪಡುವಂತಿಲ್ಲ. ಈ ಸೀಮೆಯ ಪದವೀಧರ ತರುಣರಲ್ಲಿ ಮನೆಯ ಕೊಂಕಣಿ, ಮರಾಠಿಗಳನ್ನೂ ಶಾಲೆಯ ಕನ್ನಡವನ್ನೂ ಸಮನಾಗಿ ಬಲ್ಲವರು ಧಾರಾಳವಾಗಿದ್ದಾರೆ. ಗ್ರಾಮಸಭೆಗಳಲ್ಲಿ ಬರೆದುಕೊಳ್ಳುವ ಕೆಲಸವನ್ನು ಅವರಿಗೆ ಏಕೆ ಒಪ್ಪಿಸಬಾರದೋ ತಿಳಿಯದು.

ಇದರ ತುರ್ತು ಹುಲಿಯೋಜನೆಯ ಹಳ್ಳಿಗಳಲ್ಲಿ ಹೆಚ್ಚು. ದಾಂಡೇಲಿ ಅಭಯಾರಣ್ಯವನ್ನೂ ಅಣಶಿ ರಾಷ್ಟ್ರೀಯ ಉದ್ಯಾನವನ್ನೂ ಸೇರಿಸಿ 2007ರಲ್ಲಿ ಹುಲಿ ಸಂರಕ್ಷಿತ ಪ್ರದೇಶ ಮಾಡಿದರು. 2015ರಲ್ಲಿ ಅದಕ್ಕೆ ಕಾಳಿಯ ಹೆಸರಾಯಿತು. ಒಳಗಿನ ಹಳ್ಳಿಗಳವರು ಸ್ವಇಚ್ಛೆಯಿಂದ ಹೊರಬಂದರೆ ಕುಟುಂಬಕ್ಕೆ ಮೊದಲು 10 ಲಕ್ಷ, 2021ರಿಂದ 15 ಲಕ್ಷ ರೂಪಾಯಿ. ಸ್ವಇಚ್ಛೆ ಎಂಬುದು ತೂಕದ ಮಾತು. ಅಲ್ಲಿಯ ಒಂದೇ ಮನೆಯೊಳಗೆ ನೀವು ಮೂರು ಇಚ್ಛೆಗಳನ್ನು ಕೇಳಬಹುದು. ಮಳೆಗಾಲದಲ್ಲಿ ಬಸುರಿಯನ್ನು ಕಂಬಳಿಯ ಜೋಲಿಯಲ್ಲಿ ಹೊತ್ತು ರಸ್ತೆಗೆ ತಂದ ನೆನಪಿರುವ ಸೊಸೆ ಹೋಗೋಣ ಎನ್ನುತ್ತಾಳೆ. ದೇವರ ಬನವನ್ನು ಯಾರಿಗೆ ಬಿಡುವುದೆಂದು ಮಾವ ನಿಲ್ಲೋಣ ಎನ್ನುತ್ತಾನೆ. ಗೋವೆಯಲ್ಲಿ ದುಡಿಯುವ ಮಗ, ರಸ್ತೆಯೂ ಶಾಲೆಯೂ ಬಂದಿದ್ದರೆ ಈ ಪ್ರಶ್ನೆಯೇ ಏಳುತ್ತಿರಲಿಲ್ಲ ಎನ್ನುತ್ತಾನೆ. ನಮೂನೆಯ ಕಾಗದದಲ್ಲಿ ಸಹಿಗೆ ಒಂದೇ ಜಾಗವಿದೆ, ಯಜಮಾನನದು. ಸೊಸೆ ಕೇಳಿದ್ದು ಆಸ್ಪತ್ರೆಯನ್ನು; ಅವಳಿಗೆ ಸಿಕ್ಕಿದ್ದು ಸ್ಥಳಾಂತರ. ಹುಲಿಗೆ ಕಾಡು ಬೇಕೆಂಬುದರಲ್ಲಿ ನನಗೆ ಸಂದೇಹವಿಲ್ಲ. ರಸ್ತೆ ಕೊಡದೆ ಕಾಯಿಸಿ ಪಡೆದ ಒಪ್ಪಿಗೆಯನ್ನು ಇಚ್ಛೆಯೆಂದು ಕರೆಯಲು ಮಾತ್ರ ನನ್ನ ನಾಲಗೆ ಏಳದು.

ಜೋಯಿಡಾದಲ್ಲಿ ಈಚಿನ ವರ್ಷಗಳಲ್ಲಿ ಗೆಡ್ಡೆಗೆಣಸಿನ ಮೇಳವೊಂದು ನಡೆಯುತ್ತಿದೆ. ಕುಣಬಿ ಹೆಂಗಸರು ತಾವು ಬೆಳೆದ ಮುಡ್ಲಿ ಮೊದಲಾದ ಗೆಡ್ಡೆಗಳನ್ನು ಬುಟ್ಟಿಗಳಲ್ಲಿ ತಂದು ಸಾಲಾಗಿ ಕೂರುತ್ತಾರೆ. ಧಾರವಾಡ, ಬೆಳಗಾವಿ, ಗೋವೆಗಳಿಂದ ಜನ ಬರುತ್ತಾರೆ. ಕೃಷಿ ವಿಜ್ಞಾನಿಗಳೂ ಬರುತ್ತಾರೆ. ಇದನ್ನು ಯಾವಾಗ ಊರುತ್ತೀರಿ ಬಾಯಿ, ಹಂದಿ ಕೆದರದಂತೆ ಏನು ಮಾಡುತ್ತೀರಿ, ಮಳೆಗಾಲ ಮುಗಿಯುವವರೆಗೆ ಬೀಜದ ಗೆಡ್ಡೆ ಕೆಡದೆ ಹೇಗೆ ಉಳಿಯುತ್ತದೆ ಎಂದು ಕೇಳುತ್ತಾರೆ. ಆ ಹೆಂಗಸರು ಕೊಂಕಣಿಯಲ್ಲಿ ಮೊದಲು ಮಾಡಿ, ಕನ್ನಡದ ಮಾತುಗಳನ್ನು ಬೆರಸಿ, ಕೈಯಲ್ಲಿ ಅಳತೆ ತೋರಿಸುತ್ತ ಉತ್ತರ ಹೇಳುತ್ತಾರೆ. ನಾನು ಹೋದ ವರ್ಷ ಕೃಷಿಯ ವಿದ್ಯಾರ್ಥಿಯೊಬ್ಬ ಒಬ್ಬಾಕೆಯ ಎದುರಿಗೆ ನೆಲದ ಮೇಲೆಯೇ ಕುಳಿತು ಮಧ್ಯಾಹ್ನದವರೆಗೆ ಬರೆದುಕೊಳ್ಳುತ್ತಿದ್ದ. ಅರ್ಥವಾಗದ ಕಡೆ ನಿಲ್ಲಿಸಿ, “ಅಕ್ಕಾ, ಇನ್ನೊಮ್ಮೆ ಹೇಳ್ರಿ” ಎನ್ನುತ್ತಿದ್ದ. ಆಕೆ ಬೇಸರಿಸದೆ ಇನ್ನೊಮ್ಮೆ ಹೇಳುತ್ತಿದ್ದಳು.